ಪುರಿ ಪಟ್ಟಿಯ ಒಂಬತ್ತು ಸಾಲು

ಕೆಲಸ ಮಧ್ಯಾಹ್ನ ಒಂದು ಗಂಟೆಗೆ ಮುಗಿಯುತ್ತಿತ್ತು. ಬಂಗಾರಪೇಟೆಗೆ ಹೋಗುವ ರೈಲು ಇದ್ದದ್ದು ನಾಲ್ಕು ಐವತ್ತಕ್ಕೆ. ನಡುವಿನ ಹೊತ್ತನ್ನು ಮುನಿರತ್ನಮ್ಮ ಉರಿಗಾಂ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕಳೆಯುತ್ತಿದ್ದಳು.

ಅದು ಎಂಬತ್ತಾರನೇ ಇಸವಿಯ ಅಕ್ಟೋಬರ್ ಕೊನೆ. ಚಿನ್ನದ ಗಣಿಯ ಕಲ್ಲುಪುಡಿ ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಿದರೆ ಬೆಂಚಿನ ಮೇಲೆ ಬೂದು ಪುಡಿ ಕೂರುತ್ತಿತ್ತು. ಸೆರಗಿನಲ್ಲಿ ಒರೆಸಿ ಕೂತು, ಒಂದಷ್ಟು ಹೊತ್ತಿಗೆ ಮತ್ತೆ ಒರೆಸಬೇಕು. ಮೊದಮೊದಲು ಅವಳ ಪಕ್ಕದಲ್ಲಿ ದ್ಯಾವಮ್ಮ ಇರುತ್ತಿದ್ದಳು. ಇಬ್ಬರೂ ಒಬ್ಬರ ತಲೆ ಒಬ್ಬರು ಬಾಚಿ ಹೆಣೆಯುತ್ತಿದ್ದರು. ಮನೆಯಿಂದ ಹುರುಳಿಕಾಳು ತಂದು ಮಡಿಲಲ್ಲಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಅವರು ಕೆಲಸ ಮಾಡುತ್ತಿದ್ದ ಕಾರ್ಖಾನೆಯನ್ನು ಊರವರು ಗ್ಲೌಸ್ ಶೆಡ್ಡು ಅನ್ನುತ್ತಿದ್ದರು. ಗಣಿ ಮತ್ತು ಎರಕದ ಕಾರ್ಖಾನೆಗಳ ಕೆಲಸಗಾರರಿಗೆ ಚರ್ಮದ ಗ್ಲೌಸು ಹೊಲಿಯುವ ಖಾಸಗಿ ಜಾಗ. ಅರವತ್ತೆರಡು ಜನ, ಅದರಲ್ಲಿ ಐವತ್ತಕ್ಕೂ ಮಿಕ್ಕಿ ಹೆಂಗಸರು. ಹೆಚ್ಚಿನವರ ಮನೆ ಉರಿಗಾಂ, ನಂದಿದುರ್ಗದ ಗಣಿ ಲೈನುಮನೆಗಳಲ್ಲೇ. ಕೆಲಸ ಬಿಟ್ಟ ಹತ್ತು ನಿಮಿಷಕ್ಕೆ ಒಲೆಯ ಮುಂದೆ ಇರುತ್ತಿದ್ದರು. ಬಂಗಾರಪೇಟೆಯಿಂದ ರೈಲಿನಲ್ಲಿ ಬರುತ್ತಿದ್ದವರು ಇವರಿಬ್ಬರೇ.

ಕೆಲಸದ ಗಂಟೆ ಕಡಿತವಾದ ಸುದ್ದಿಯನ್ನು ಮೊದಲ ದಿನ ಮನೆಯಲ್ಲಿ ಹೇಳಿದಾಗ ಅತ್ತೆ ಚಿಕ್ಕವೆಂಕಟಮ್ಮ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಒಂದು ಗಂಟೇಗೇ ಬುಡ್ತಾರಾ? ಒಳ್ಳೇದಾಯ್ತು. ಬಂದು ರಾಗಿ ಕೇರು."

"ರೈಲು ನಾಲ್ಕು ಐವತ್ತಕ್ಕೇ ಅತ್ತೆ."

"ಬಸ್ಸು ಸತ್ತೋಗೈತಾ?"

"ದಿನಾ ಬಸ್ಸಿಗೆ ಕೊಟ್ರೆ ಉಳಿಯೋದೇನು? ರೈಲಿಗಾದ್ರೆ ಪಾಸೈತೆ."

"ಅಂದ್ರೆ ಕೂಲಿ ಕಮ್ಮಿ, ನೀನು ಮನೇಗೆ ಬರೋದು ಮಾತ್ರ ಅದೇ ಆರು ಗಂಟೆಗೆ."

"ಅಷ್ಟೇ."

"ನಿಂ ಸಾವ್ಕಾರ ಆ ಮೂರು ಗಂಟೇನ ಯಾವ ಸಂತೇಲಿ ಮಾರ್ಕೊಂಡ್ನಂತೆ, ಕೇಳ್ಕೊಂಡು ಬಾ."

ಗಂಡ ಅಶ್ವತ್ಥಪ್ಪ ನಕ್ಕ. ಅಕ್ಕಿ ಗಿರಣಿಯಲ್ಲಿ ಮೂಟೆ ತೂಗುವ ಕೆಲಸ ಅವನದು; ದಿನವಿಡೀ ಅಂಕಿ ಕೂಗಿ ಮನೆಗೆ ಬಂದ ಮೇಲೆ ಬಾಯಿ ಬಿಡುವುದು ಕಡಿಮೆ. ಮಗ ಗೋಪಾಲ್ ಮಾತ್ರ ಮುದ್ದೆಯ ತಟ್ಟೆ ಮುಂದಿಟ್ಟುಕೊಂಡು, ನಮ್ಮ ಸೆಕ್ಷನ್ನಿಗೆ ಕಡಿತ ಇಲ್ಲ, ಮಷಿನ್ ರಿಪೇರಿಯವರಿಗೆ ಎಂಟು ಗಂಟೆ ಎಂಟು ಗಂಟೆಯೇ ಎಂದು ಸಮಾಧಾನ ಹೇಳಿದ. ಐಟಿಐ ಮುಗಿಸಿ ಎರಡು ವರ್ಷ ಬಸ್ ಸ್ಟ್ಯಾಂಡ್ ಅಲೆದವನು ಸೆಪ್ಟೆಂಬರಿನಲ್ಲಷ್ಟೇ ಅದೇ ಶೆಡ್ಡಿಗೆ ಸೇರಿದ್ದ. ಆರು ತಿಂಗಳು ಪ್ರೊಬೇಷನ್. ಬೆಳಿಗ್ಗೆ ಆರೂವರೆಗೆ ಸೈಕಲ್ ಹತ್ತಿ ಹೋಗುತ್ತಿದ್ದ. ಸೈಕಲ್ಲಿನ ರಿಮ್ಮನ್ನು ಪ್ರತಿ ಭಾನುವಾರ ಬೂದಿ ಹಚ್ಚಿ ಉಜ್ಜುತ್ತಿದ್ದ.

ಶೆಡ್ಡಿನಲ್ಲಿ ಈ ಕಡಿತವನ್ನು ಒಪ್ಪದೆ ಎದ್ದವನು ಆರುಮುಗಂ, ಚರ್ಮ ಕತ್ತರಿಸುವ ಪ್ರೆಸ್ಸಿನವನು. ಎಂಬತ್ತೊಂದರಲ್ಲಿ ಎಲ್ಲರಿಗೂ ಕೊಟ್ಟ ನೇಮಕದ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದವನು ಅವನೊಬ್ಬನೇ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಎಂದು ಅದರಲ್ಲಿತ್ತು. ಈಗ ಆಯುಧಪೂಜೆ ಕಳೆದ ಸೋಮವಾರ ಬೋರ್ಡಿಗೆ ಚೀಟಿ ಅಂಟಿಸಿ, ಇಂದಿನಿಂದ ಐದೇ ಗಂಟೆ, ಕೂಲಿಯೂ ಐದು ಗಂಟೆಯದೇ ಎಂದರೆ ಹೇಗೆ? ಅವನು ಕೋಲಾರದ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಟ್ಟ. ಕೆಲಸದ ಗಂಟೆ ಬದಲಿಸಬೇಕಾದರೆ ಮಾಲೀಕರು ಇಪ್ಪತ್ತೊಂದು ದಿನ ಮೊದಲೇ ಕೆಲಸಗಾರರಿಗೆ ನೋಟಿಸು ಕೊಡಬೇಕು, ಅದು ಕಾನೂನು ಎಂದು ಅಲ್ಲಿ ತಿಳಿದುಕೊಂಡು ಬಂದು ಎಲ್ಲರಿಗೂ ಹೇಳಿದ. ಮಾತುಕತೆಗೆ ನವೆಂಬರಿನಲ್ಲಿ ದಿನ ಗೊತ್ತಾಯಿತು. ಆರುಮುಗಂ ತನ್ನ ಜೊತೆಗೆ ಹೆಂಗಸರ ಪರವಾಗಿ ದ್ಯಾವಮ್ಮನನ್ನು ಕರೆದುಕೊಂಡು ಹೋದ.

ಅವರು ಹಿಂತಿರುಗಿದ ಮರುದಿನ ಕೆಲಸ ಬಿಡುವ ಹೊತ್ತಿಗೆ ಆರುಮುಗಂ ಮುನಿರತ್ನಮ್ಮನ ಮಷಿನ್ನಿನ ಪಕ್ಕಕ್ಕೆ ಬಂದು ನಿಂತ. ಸುತ್ತ ಇದ್ದ ಹೆಂಗಸರು ಏಳಲಿಲ್ಲ.

"ಅಕ್ಕಾ, ಪೂಜೆ ದಿನ ನೀನು ಸೈ ಆಕಿಸ್ಕೊಂಡ್ಯಲ್ಲ ಒಂದು ಕಾಗ್ದ, ಅದರಲ್ಲಿ ಮೇಲ್ಗಡೆ ಏನಿತ್ತು?"

"ಪುರಿ ಪಟ್ಟಿ."

"ಮೇಲ್ಗಡೆ, ಇಂಗ್ಲಿಷ್ನಲ್ಲಿ."

ಅವಳು ಮಷಿನ್ನಿನ ಸೂಜಿಯಿಂದ ನೂಲು ಬಿಡಿಸತೊಡಗಿದಳು.

"ಗಂಟೆ ಕಮ್ಮಿ ಮಾಡಕ್ಕೆ ನಾವೆಲ್ಲ ಒಪ್ಪಿದೀವಿ ಅಂತ ಇತ್ತಕ್ಕಾ. ಒಂಬತ್ತು ಸಾಲು. ಕೆಳಗೆ ಅರವತ್ತೆರಡು ಸೈ. ಒಪ್ಪಿ ಸೈ ಆಕಿದ್ರೆ ನೋಟಿಸೇ ಬೇಡ್ವಂತೆ."

ಆಗಿದ್ದು ಇಷ್ಟು. ಪ್ರತಿ ವರ್ಷ ಆಯುಧಪೂಜೆಯಲ್ಲಿ ಮಷಿನ್ನುಗಳಿಗೆ ಕುಂಕುಮ ಇಟ್ಟು, ಬಾಳೆಕಂದು ಕಟ್ಟಿ, ಬಾಗಿಲಲ್ಲಿ ಬೂದುಗುಂಬಳ ಒಡೆದ ಮೇಲೆ ಕಡ್ಲೆಪುರಿ, ಬೂಂದಿ ಹಂಚುವರು. ಹೆಂಗಸರಿಗೆ ರವಿಕೆ ಕಣ, ಗಂಡಸರಿಗೆ ಟವೆಲು. ಪಡೆದಿದ್ದಕ್ಕೆ ಒಂದು ಪಟ್ಟಿಯಲ್ಲಿ ಸಹಿ ಆಗಬೇಕು. ಸೂಪರ್‌ವೈಸರ್ ಕೋದಂಡಪ್ಪ ಆ ಪಟ್ಟಿ ಸಿಕ್ಕಿಸಿದ ರಟ್ಟನ್ನೂ ಸ್ಟ್ಯಾಂಪ್ ಪ್ಯಾಡನ್ನೂ ಮುನಿರತ್ನಮ್ಮನ ಕೈಗೆ ಕೊಡುತ್ತಿದ್ದ. ಏಳನೇ ಕ್ಲಾಸು ಓದಿದವಳು ಅವಳು. ಮಷಿನ್ನಿನಿಂದ ಮಷಿನ್ನಿಗೆ ಹೋಗಿ, ಬರೆಯಬಲ್ಲವರಿಂದ ಬರೆಸಿ, ಮಿಕ್ಕವರ ಹೆಬ್ಬೆಟ್ಟನ್ನು ತಾನೇ ಹಿಡಿದು ಒತ್ತಿಸುತ್ತಿದ್ದಳು. ಮಸಿಯಾದ ಬೆರಳನ್ನು ಯಾರಾದರೂ ಪಕ್ಕದವಳ ಕೆನ್ನೆಗೆ ಒರೆಸಿದರೆ ನಗೆ ಏಳುತ್ತಿತ್ತು. ಐದು ವರ್ಷದಿಂದ ನಡೆದುಕೊಂಡು ಬಂದದ್ದು. ಪಟ್ಟಿಯ ಮೇಲೆ ಪ್ರತಿ ವರ್ಷವೂ ಇಂಗ್ಲಿಷಿನಲ್ಲಿ ಎರಡು ಸಾಲು ಟೈಪ್ ಆಗಿರುತ್ತಿತ್ತು. ಈ ವರ್ಷ ಒಂಬತ್ತು ಸಾಲಿತ್ತು. ಸಾಲು ಹೆಚ್ಚಿದ್ದನ್ನು ಅವಳು ಕಂಡಿದ್ದಳು. ಸಾಮಾನು ಹೆಚ್ಚಿರಬೇಕು ಅಂದುಕೊಂಡಿದ್ದಳು. ಓದಬಲ್ಲ ಒಬ್ಬಿಬ್ಬರೂ ಪುರಿ ಪಟ್ಟಿ ತಾನೆ ಎಂದು ಮೇಲೆ ನೋಡದೆ ಸಹಿ ಹಾಕಿದ್ದರು.

ಈಗ ಆಡಳಿತದವರು ಆ ಹಾಳೆಯನ್ನು ಅಧಿಕಾರಿಯ ಮೇಜಿನ ಮೇಲೆ ಇಟ್ಟಿದ್ದರು. ಹನ್ನೊಂದನೇ ನಂಬರ್ ಮಷಿನ್ನಿನ ಮುನಿರತ್ನಮ್ಮ ಇಂಗ್ಲಿಷ್ ಬಲ್ಲವಳು, ಪ್ರತಿಯೊಬ್ಬರಿಗೂ ಅವರವರ ಭಾಷೆಯಲ್ಲಿ ವಿವರಿಸಿಯೇ ಸಹಿ ಪಡೆದಳು ಎಂದು ಹೇಳಿಕೆಯನ್ನೂ ಕೊಟ್ಟಿದ್ದರು. ಅಧಿಕಾರಿ ದ್ಯಾವಮ್ಮನ ಕಡೆ ತಿರುಗಿ, ಆಕೆಗೆ ಇಂಗ್ಲಿಷ್ ಬರುತ್ತದೆಯೇ ಎಂದು ಕೇಳಿದಾಗ ದ್ಯಾವಮ್ಮ ಚೆನ್ನಾಗಿ ಬರುತ್ತದೆ ಎಂದಿದ್ದಳು. ಹಾಗೆಂದು ಬರೆದುಕೊಂಡರು. ಮುಂದಿನ ಮಾತುಕತೆ ಎರಡು ವಾರ ಬಿಟ್ಟು.

"ನಿಂ ಮಗನ್ನ ಸೇರಿಸ್ಕೊಂಡಿದ್ದು ಯಾವ ತಿಂಗಳು ರತ್ನಕ್ಕ?" ಹಿಂದಿನಿಂದ ಒಬ್ಬಳು ಕೇಳಿದಳು. ಗೊತ್ತಿದ್ದೇ ಕೇಳಿದ ಪ್ರಶ್ನೆ.

ಇಂಗ್ಲಿಷ್ ಬರುವುದಿಲ್ಲ ಎಂದು ಅವಳು ಆಗಲೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ಯಾರೂ ನಂಬುತ್ತಲೂ ಇರಲಿಲ್ಲ. ಗೋಪಾಲ್ ಐದನೇ ಕ್ಲಾಸಿನಲ್ಲಿದ್ದಾಗ ಅವನ ಪುಸ್ತಕ ನೋಡಿಕೊಂಡು ಅವಳು ಇಂಗ್ಲಿಷಿನ ಅಕ್ಷರ ಕಲಿತಿದ್ದಳು. ಶೆಡ್ಡಿಗೆ ಸೇರಿದ ಹೊಸತರಲ್ಲಿ ಸೂಜಿಯ ಪೊಟ್ಟಣದ ಮೇಲಿದ್ದ ಜರ್ಮನಿ ಎಂಬ ಪದವನ್ನು ಕೂಡಿಸಿ ಓದಿದಾಗ ಹೆಂಗಸರು ಬಾಯಿ ಬಿಟ್ಟು ನೋಡಿದರು. ಅಲ್ಲಿಂದ ಶುರು. ಪಿಎಫ್ ಚೀಟಿ, ಬ್ಯಾಂಕಿನ ಕಾಗದ, ಆಸ್ಪತ್ರೆಯ ಚೀಟಿ ಎಲ್ಲ ಅವಳ ಹತ್ತಿರ ಬಂದವು. ಅಂಕಿ ತಿಳಿಯುತ್ತಿತ್ತು, ಹೆಸರು ತಿಳಿಯುತ್ತಿತ್ತು. ಮಿಕ್ಕದ್ದನ್ನು ಅಂದಾಜಿನಲ್ಲಿ ಹೇಳುತ್ತಿದ್ದಳು. ಅಂತಹ ಕಾಗದಗಳಲ್ಲಿ ಇರುವುದು ಅದದೇ ಆದ್ದರಿಂದ ಅಂದಾಜು ತಪ್ಪುತ್ತಿರಲಿಲ್ಲ. ಕನ್ನಡ, ತೆಲುಗು, ತಮಿಳು ಮೂರರಲ್ಲೂ ವಿವರಿಸುತ್ತಿದ್ದಳು. ಊಟದ ಹೊತ್ತಿನಲ್ಲಿ ಅವಳಿಗೆ ಗೋಡೆಗೆ ಒರಗುವ ಜಾಗ ಬಿಟ್ಟುಕೊಡುತ್ತಿದ್ದರು. ಉಪ್ಪಿನಕಾಯಿ ಮೊದಲು ಅವಳ ಡಬ್ಬಿಗೆ ಬೀಳುತ್ತಿತ್ತು. ಇಷ್ಟು ವರ್ಷದಲ್ಲಿ ತನಗೆ ಬರುವುದಿಲ್ಲ ಎಂದು ಹೇಳುವ ಸಂದರ್ಭವೇ ಅವಳಿಗೆ ಕಾಣಲಿಲ್ಲ.

ಅವತ್ತು ಸ್ಟೇಷನ್ನಿನಲ್ಲಿ ದ್ಯಾವಮ್ಮ ಬೆಂಚಿನ ಹತ್ತಿರ ಬರಲಿಲ್ಲ. ಪ್ಲಾಟ್‌ಫಾರಮ್ಮಿನ ಇನ್ನೊಂದು ತುದಿಗೆ ಹೋಗಿ, ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಈ ಕಡೆಗೆ ಬೆನ್ನು ಮಾಡಿ ಕೂತಳು. ಮರುದಿನವೂ ಹಾಗೆಯೇ. ರೈಲು ಬಂದರೆ ಒಬ್ಬಳು ಮುಂದಿನ ಬೋಗಿಗೆ, ಒಬ್ಬಳು ಹಿಂದಿನ ಬೋಗಿಗೆ. ಸ್ಟೇಷನ್ನಿನಲ್ಲಿ ಇಬ್ಬರೇ ಇದ್ದರೂ ಮೂರೂವರೆ ಗಂಟೆಗೂ ಮಿಕ್ಕಿ ಒಂದು ಮಾತಿಲ್ಲ. ಮುನಿರತ್ನಮ್ಮ ಆರಿಸಿದ ಹುರುಳಿಕಾಳನ್ನೇ ಮತ್ತೆ ಆರಿಸುತ್ತಿದ್ದಳು. ಜಡೆಯನ್ನು ತಾನೇ ಹೆಣೆದುಕೊಳ್ಳುವುದು ಅಭ್ಯಾಸವಾಯಿತು. ತುದಿ ಮಾತ್ರ ಸರಿ ಬರುತ್ತಿರಲಿಲ್ಲ. ಶೆಡ್ಡಿನಲ್ಲಿ ನೂಲು ಮುಗಿದರೆ ಕೇಳುವ ಮೊದಲೇ ಉಂಡೆ ಉರುಳಿಸುತ್ತಿದ್ದವರು ಈಗ ಎದ್ದು ಹೋಗಿ ತರಲಿ ಎಂದು ಬಿಡುತ್ತಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಲು ಒಂದು ದಾರಿಯಾದರೂ ಇರುತ್ತಿತ್ತು.

ಎರಡನೇ ಮಾತುಕತೆಗೆ ಐದು ದಿನ ಇದ್ದಾಗ ಕೋದಂಡಪ್ಪ ಸ್ಟೇಷನ್ನಿಗೆ ಬಂದ. ಸೈಕಲ್ ಸ್ಟ್ಯಾಂಡ್ ಹಾಕಿ, ಬೆಂಚಿನ ಹತ್ತಿರ ನಿಂತ, ಕೂರಲಿಲ್ಲ.

"ರತ್ನಮ್ನೋರೆ, ಬುಧವಾರ ಒಂದಿನ ಉಸಾರಿಲ್ಲ ಅಂತ ಮನೇಲಿ ಇದ್ಬುಡಿ. ನೀವು ಯಾರ ಪರಾನೂ ಮಾತಾಡಬೇಕಾಗಿಲ್ಲ."

"ನಾನೇ ಬರ್ತೀನಿ ಅಂತ ಯಾರಿಗೂ ಯೋಳಿಲ್ವಲ್ಲ."

"ಆರುಮುಗಂ ಕರೀಬೌದು. ಅದಕ್ಕೆ ಯೋಳ್ದೆ. ನಿಂ ಗೋಪಾಲಂದು ಮಾರ್ಚಿಗೆ ಕನ್‌ಫರ್ಮು. ಉಡ್ಗ ಕೆಲಸದಲ್ಲಿ ಚುರುಕು, ಮ್ಯಾನೇಜರ್ಗೂ ಇಷ್ಟ."

"ಆ ಕಾಗ್ದದಲ್ಲಿ ಏನೈತೆ ಅಂತ ನಿಮಗೆ ಗೊತ್ತಿತ್ತಾ?"

ಕೋದಂಡಪ್ಪ ಹಳಿಗಳ ಕಡೆ ನೋಡಿದ. "ನಂಗೆ ಕೊಟ್ರು, ನಾನು ನಿಮಗೆ ಕೊಟ್ಟೆ. ನನ್ನ ಸೈನೂ ಐತೆ ಅದರಲ್ಲಿ" ಎಂದ. ಆಮೇಲೆ ಸೈಕಲ್ ತಳ್ಳಿಕೊಂಡು ಹೋದ. ಟ್ಯಾಂಕಿನ ಕಟ್ಟೆಯಿಂದ ದ್ಯಾವಮ್ಮ ಅವರಿಬ್ಬರನ್ನು ನೋಡುತ್ತಿದ್ದಳು. ಮುನಿರತ್ನಮ್ಮ ತಿರುಗಿದೊಡನೆ ಅವಳು ಮುಖ ಆ ಕಡೆ ಮಾಡಿದಳು. ಈಗ ಇನ್ನೇನು ಅಂದುಕೊಂಡಳೋ.

ಮರುದಿನ ಬೆಳಿಗ್ಗೆ ಮುನಿರತ್ನಮ್ಮ ತಾನಾಗಿಯೇ ಕಟಿಂಗ್ ಪ್ರೆಸ್ಸಿನ ಹತ್ತಿರ ಹೋದಳು. ಬುಧವಾರ ತಾನೂ ಬರುವುದಾಗಿ ಹೇಳಿದಳು. ಆರುಮುಗಂ ಪ್ರೆಸ್ಸಿನಿಂದ ಕೈ ತೆಗೆಯದೆ, ಬಂದು ಏನು ಹೇಳುತ್ತೀಯ ಎಂದು ಕೇಳಿದ. ಅಲ್ಲೇ ಹೇಳುತ್ತೇನೆ ಎಂದಳು.

ಮನೆಯಲ್ಲಿ ಅದನ್ನು ತಿಳಿಸಿದ್ದು ಭಾನುವಾರ ಮಧ್ಯಾಹ್ನ, ಎಲ್ಲರೂ ಉಣ್ಣಲು ಕೂತಾಗ. ಅವತ್ತು ಬಸ್ಸಾರು ಮಾಡಿದ್ದಳು. ಗೋಪಾಲ್ ಮುದ್ದೆ ಮುರಿದವನು ಕೈ ತಟ್ಟೆಯಲ್ಲೇ ನಿಲ್ಲಿಸಿದ.

"ಏನಂತ ಯೋಳ್ತೀಯ ಅಲ್ಲಿ?"

"ನಂಗೆ ಇಂಗ್ಲಿಷ್ ಬರಲ್ಲ, ಪುರಿ ಪಟ್ಟಿ ಅಂತ ತಿಳ್ಕೊಂಡು ಸೈ ಆಕಿಸ್ದೆ ಅಂತ."

ಚಿಕ್ಕವೆಂಕಟಮ್ಮ ಸೊಸೆಯ ಮುಖ ನೋಡಿದಳು. "ಇಂಗ್ಲಿಷ್ ಬರಲ್ವಾ ನಿಂಗೆ? ಮತ್ತೆ ನನ್ನ ಕಣ್ಣಿನ ಆಸ್ಪತ್ರೆ ಚೀಟಿ ಓದಿದ್ದೆ?"

"ಅದರಲ್ಲಿ ದಿನಕ್ಕೆ ಮೂರು ಅಂತ ಇತ್ತು. ಡ್ರಾಪ್ಸು ನಿಂ ಕೈಯಲ್ಲೇ ಇತ್ತು ಅತ್ತೆ."

"ಅಂದಾಜ್ನಲ್ಲಿ ನನ್ನ ಕಣ್ಣಿಗೆ ಬುಟ್ಯಾ ಅಮ್ಮಯ್ಯಾ" ಎಂದು ಮುದುಕಿ ಎರಡೂ ರೆಪ್ಪೆ ಮುಟ್ಟಿಕೊಂಡಳು.

ಗೋಪಾಲನ ದನಿ ಏರಿರಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು.

"ಅಮ್ಮ, ನಿಂಗೆ ಬರಲ್ಲ ಅಂತ ನಂಗೊಬ್ಬನಿಗೇ ಗೊತ್ತಿತ್ತು. ಐದನೇ ಕ್ಲಾಸಿಂದ ಗೊತ್ತಿತ್ತು. ಶೆಡ್ಡಲ್ಲಿ ಅವರೆಲ್ಲ ನಿಮ್ಮಮ್ಮ ಇಂಗ್ಲಿಷ್ ಓದ್ತಾಳೆ ಅಂದಾಗ ಊಂ ಅಂದಿದೀನಿ. ಒಬ್ಬರಿಗೂ ಬಾಯಿ ಬುಟ್ಟಿಲ್ಲ. ನಿನ್ನ ಗುಟ್ಟು ನಾನು ಕಾಯ್ದಿದೀನಿ. ಈಗ ನೀನು ನನ್ನ ಕೆಲಸ ಕಾಯಿ."

"ನಿನ್ನ ಕೆಲಸಕ್ಕೆ ನಾನೇನು ಮಾಡ್ತಿದೀನೋ?"

"ಪ್ರೊಬೇಷನ್ ಅಂದ್ರೆ ಏನು ಗೊತ್ತಾ? ಕಾರಣ ಯೋಳ್ದೆ ಕಳಿಸ್ಬೌದು. ನೀನು ಬುಧವಾರ ಬಾಯಿ ಬುಟ್ರೆ ಗುರುವಾರ ನಾನು ಮನೇಲಿ."

ಮುದುಕಿ ಮೊಮ್ಮಗನ ಕಡೆ ನಿಂತಳು. ಎರಡು ವರ್ಷ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದು ಸಾಲದೆ, ಹೆಣ್ಣು ಕೊಡುವವರು ಈಗಷ್ಟೇ ಬಾಗಿಲಿಗೆ ಬರುತ್ತಿದ್ದಾರೆ, ಆ ಶೆಡ್ಡಿನ ಹೆಂಗಸರು ನಿನಗೆ ಅನ್ನ ಹಾಕುತ್ತಾರಾ ಎಂದು ಒಂದೇ ಸಮನೆ ಆಡಿದಳು. ಮುನಿರತ್ನಮ್ಮ ಸಾರಿನ ಪಾತ್ರೆಯಲ್ಲಿ ಸೌಟು ಆಡಿಸುತ್ತಾ ಕೇಳಿಸಿಕೊಂಡಳು. ಉತ್ತರ ಬಂದದ್ದು ಗಂಡನಿಂದ.

"ಅರವತ್ತು ಜನದ ಎಬ್ಬೆಟ್ಟು ಅವಳ ಕೈ ಇಡ್ಕಂಡು ಓಗೈತೆ ಕಣ್ಲಾ" ಎಂದ ಅಶ್ವತ್ಥಪ್ಪ. "ತೂಕದಲ್ಲಿ ತಪ್ಪಾದ್ರೆ ಮೂಟೆ ಇಳಿಸಿ ಮತ್ತೆ ತೂಗಬೇಕು. ನಾನಾದ್ರೂ ಅಷ್ಟೇ."

"ನಿಂದೇನಪ್ಪ ಓಗೋದು?" ಎಂದು ಗೋಪಾಲ್ ಎದ್ದ. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೆಯೇ ಇತ್ತು. ಅದನ್ನು ಮುಚ್ಚಿಡಲೋ ಎಸೆಯಲೋ ತಿಳಿಯದೆ ಅವಳು ಸಂಜೆಯವರೆಗೂ ಅಲ್ಲೇ ಬಿಟ್ಟಳು.

ಬುಧವಾರದವರೆಗೆ ಅವನು ತಾಯಿಯ ಜೊತೆ ಮಾತಾಡಲಿಲ್ಲ. ಡಬ್ಬಿಯನ್ನು ಅಜ್ಜಿಯ ಕೈಯಿಂದ ಇಸಿದುಕೊಂಡು ಹೋಗುತ್ತಿದ್ದ. ಬುಧವಾರ ಬೆಳಿಗ್ಗೆ ಮುನಿರತ್ನಮ್ಮ ಸೀರೆ ಉಟ್ಟು ಬಾಗಿಲಿಗೆ ಬಂದಾಗ ಚಿಕ್ಕವೆಂಕಟಮ್ಮ ಜಗಲಿಯಲ್ಲಿ ಕೂತಿದ್ದಳು. ಹರಸಲೂ ಇಲ್ಲ, ತಡೆಯಲೂ ಇಲ್ಲ.

"ಬಸ್ಸಲ್ಲಿ ಓಗು" ಎಂದಳು. "ಇವತ್ತಾದ್ರೂ ಬಸ್ಸು ಸತ್ತಿಲ್ಲ."

ಕಾರ್ಮಿಕ ಅಧಿಕಾರಿಯ ಕೋಣೆ ಚಿಕ್ಕದು. ಮೇಜಿನ ಒಂದು ಕಡೆ ಬೆಂಗಳೂರಿನಿಂದ ಬಂದ ಮ್ಯಾನೇಜರ್ ಮತ್ತು ಕೋದಂಡಪ್ಪ, ಇನ್ನೊಂದು ಕಡೆ ಆರುಮುಗಂ, ದ್ಯಾವಮ್ಮ. ಮುನಿರತ್ನಮ್ಮನಿಗೆ ಕುರ್ಚಿ ಇರಲಿಲ್ಲ. ಜವಾನ ಒಂದು ಸ್ಟೂಲು ತಂದು ಎರಡು ಕಡೆಗೂ ಸೇರದಂತೆ ಕಿಟಕಿಯ ಹತ್ತಿರ ಹಾಕಿದ. ಅಧಿಕಾರಿ ನಡುವಯಸ್ಸಿನವರು, ನೆಗಡಿಯಾಗಿತ್ತು. ತಾನು ತೀರ್ಪು ಕೊಡುವವನಲ್ಲ, ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವವನು, ಆಗದಿದ್ದರೆ ಸರ್ಕಾರಕ್ಕೆ ವರದಿ ಬರೆಯುವವನು ಎಂದು ಮೊದಲೇ ಹೇಳಿದರು. ಮ್ಯಾನೇಜರ್ ಹಿಂದಿನ ಮಾತನ್ನೇ ಹೇಳಿದ. ಆರ್ಡರು ಕಡಿಮೆಯಾಗಿದೆ, ಕೆಲಸಗಾರರಿಗೆ ಅದು ಗೊತ್ತು, ವಿವರಿಸಿದ ಮೇಲೆ ಒಪ್ಪಿ ಸಹಿ ಹಾಕಿದ್ದಾರೆ, ವಿವರಿಸಿದವರು ಇಗೋ ಇಲ್ಲೇ ಇದ್ದಾರೆ.

ಅಧಿಕಾರಿ ಅವಳ ಕಡೆ ನೋಡಿದರು. ಅವಳು ಎದ್ದು ನಿಂತಳು.

"ನಾನು ವಿವರಿಸಲಿಲ್ಲ ಸಾರ್. ಪುರಿ ಪಟ್ಟಿ ಅಂದ್ಕೊಂಡೆ. ನಂಗೆ ಇಂಗ್ಲಿಷ್ ಬರಲ್ಲ."

ಮ್ಯಾನೇಜರ್ ನಕ್ಕ. ಇವರ ಕಡೆಯವರೇ ಬರುತ್ತದೆ ಎಂದು ಬರೆಸಿದ್ದಾರಲ್ಲ, ಈಗ ಯಾರೋ ಹೇಳಿಕೊಟ್ಟಿದ್ದಾರೆ ಎಂದ. ಆರುಮುಗಂ ಏನೋ ಹೇಳಲು ಹೋದ. ಅಧಿಕಾರಿ ಕೈಯೆತ್ತಿ ತಡೆದು ಆ ಹಾಳೆಯನ್ನು ಅವಳ ಮುಂದೆ ಚಾಚಿದರು.

"ಓದಿಯಮ್ಮ. ಮೇಲಿನ ಸಾಲು. ಎಷ್ಟು ಬರುತ್ತೋ ಅಷ್ಟು."

ಹಾಳೆಯನ್ನು ಅವಳು ಎರಡೂ ಕೈಯಲ್ಲಿ ಹಿಡಿದಳು. ಕೆಳಗೆ ಸಾಲುಸಾಲಾಗಿ ಹೆಬ್ಬೆಟ್ಟಿನ ಗುರುತುಗಳು. ಯಾವುದು ಯಾರದೆಂದು ಅವಳಿಗೆ ಗೊತ್ತಿತ್ತು. ಎಡಗಡೆ ಮೂರನೆಯದು ದ್ಯಾವಮ್ಮನದು, ಒತ್ತುವಾಗ ನಗುತ್ತಿದ್ದಳೆಂದು ಓರೆಯಾಗಿತ್ತು. ಮೇಲಿನ ಸಾಲಿನ ಮೇಲೆ ಬೆರಳಿಟ್ಟಳು.

"ಡಬ್ಲ್ಯು, ಇ" ಎಂದಳು. "ವಿ. ಆಮೇಲೆ ಟಿ, ಎಚ್, ಇ. ದಿ." ಮುಂದಿನ ಪದ ಉದ್ದವಿತ್ತು. ಯು, ಎನ್, ಡಿ, ಇ, ಆರ್ ಎಂದು ಒಂದೊಂದೇ ಅಕ್ಷರ ಹೇಳಿ ಕೂಡಿಸಲು ನೋಡಿದಳು. ಆಗಲಿಲ್ಲ. ಮತ್ತೆ ಮೊದಲಿನಿಂದ ಹಿಡಿದಳು. ಕೋದಂಡಪ್ಪ ನೆಲ ನೋಡುತ್ತಿದ್ದ. ಎರಡನೇ ಸಾಲಿನಲ್ಲಿ ಒಂದು ಎಂಟು, ಒಂದು ಐದು ಕಂಡವು. "ಇಲ್ಲಿ ಎಂಟು ಐತೆ, ಇಲ್ಲಿ ಐದು ಐತೆ" ಎಂದಳು. "ಅಕ್ಷರ ಗೊತ್ತು ಸಾರ್. ಅರ್ಥ ಗೊತ್ತಿಲ್ಲ."

"ಇಷ್ಟು ವರ್ಷ ಎಲ್ಲರ ಕಾಗದ ಓದಿದ್ದು?"

"ಅಂದಾಜು ಮಾಡಿ ಯೋಳ್ತಿದ್ದೆ."

ದ್ಯಾವಮ್ಮ ಅವಳನ್ನು ನೇರವಾಗಿ ನೋಡಿದ್ದು ಎರಡು ವಾರದಲ್ಲಿ ಅದೇ ಮೊದಲು. ಆ ನೋಟದಲ್ಲಿ ಕನಿಕರವೇನೂ ಇರಲಿಲ್ಲ. ತನ್ನ ತಮ್ಮನ ಪತ್ರ, ಗಂಡನ ಪಿಎಫ್, ಮಗಳ ಆಸ್ಪತ್ರೆ ಚೀಟಿ ಎಲ್ಲವನ್ನೂ ಮನಸ್ಸಿನಲ್ಲೇ ಮತ್ತೆ ಎಣಿಸಿಕೊಳ್ಳುತ್ತಿದ್ದಂತೆ ಕಂಡಿತು.

ಅಧಿಕಾರಿ ಮೂಗು ಒರೆಸಿಕೊಂಡು ಮೂರು ಸಾಲು ಬರೆದರು. ಮ್ಯಾನೇಜರಿಗೆ ಅವರು ಹೇಳಿದ್ದು ಇಷ್ಟೇ: ಓದಲು ಬಾರದವರ ಕೈಯಿಂದ ಓದಲು ಬಾರದವರ ಹೆಬ್ಬೆಟ್ಟು ಒತ್ತಿಸಿಕೊಂಡದ್ದನ್ನು ಒಪ್ಪಿಗೆ ಎಂದು ವರದಿಯಲ್ಲಿ ಬರೆಯಲು ನನ್ನಿಂದ ಆಗುವುದಿಲ್ಲ, ವಿಷಯ ಮುಂದೆ ಹೋದರೆ ನಿಮಗೇ ತೊಂದರೆ. ಮ್ಯಾನೇಜರ್ ಹೊರಗೆ ಹೋಗಿ ಟೆಲಿಫೋನ್ ಮಾಡಿ ಬಂದ. ಮಧ್ಯಾಹ್ನದ ಹೊತ್ತಿಗೆ ಒಪ್ಪಂದದ ಕಾಗದ ಆಯಿತು. ಡಿಸೆಂಬರ್ ಒಂದರಿಂದ ಮೊದಲಿನಂತೆ ಎಂಟು ಗಂಟೆ. ಕಳೆದುಹೋದ ಗಂಟೆಗಳಿಗೆ ಅರ್ಧ ಕೂಲಿ. ಮುಂದೆ ಬದಲಾವಣೆ ಬೇಕಾದರೆ ಕನ್ನಡ ಮತ್ತು ತಮಿಳಿನಲ್ಲಿ ನೋಟಿಸು, ಇಪ್ಪತ್ತೊಂದು ದಿನ ಮೊದಲು. ಅರ್ಧ ಕೂಲಿ ಸಾಲದೆಂದು ಆರುಮುಗಂ ವಾದಿಸಿದ. ಕೊನೆಗೆ ಸಹಿ ಹಾಕಿದ. ಹಾಕುವ ಮೊದಲು ಅಧಿಕಾರಿಯ ಕೈಯಲ್ಲೇ ಪೂರ್ತಿ ಓದಿಸಿ, ದ್ಯಾವಮ್ಮನಿಗೆ ತೆಲುಗಿನಲ್ಲಿ ಹೇಳಿದ. ದ್ಯಾವಮ್ಮ ತನ್ನ ಬೆರಳನ್ನು ತಾನೇ ಪ್ಯಾಡಿಗೆ ಒತ್ತಿದಳು.

ಹಿಂದಿರುಗುವಾಗ ಬಸ್ಸಿನಲ್ಲಿ ಆರುಮುಗಂ ಮುನಿರತ್ನಮ್ಮನಿಗೆ ಕಿಟಕಿಯ ಪಕ್ಕ ಜಾಗ ಕೊಟ್ಟ.

ಗೋಪಾಲ್ ಅಂದದ್ದು ಎರಡು ದಿನ ತಪ್ಪಿತು. ಗುರುವಾರವಲ್ಲ, ಶನಿವಾರ ಅವನು ಮಧ್ಯಾಹ್ನಕ್ಕೇ ಸೈಕಲ್ ತಳ್ಳಿಕೊಂಡು ಮನೆಗೆ ಬಂದ. ಅವತ್ತು ಮುನಿರತ್ನಮ್ಮ ಸಂಜೆಯ ರೈಲಿಗೆ ಬಂದಾಗ ಎಲ್ಲರೂ ನಡುಮನೆಯಲ್ಲಿ ಕೂತಿದ್ದರು. ಅತ್ತೆಯ ಕೈಯಲ್ಲಿ ಒಂದು ಕಾಗದವಿತ್ತು. ಮುದುಕಿ ಅದನ್ನು ಅಭ್ಯಾಸಬಲದಿಂದ ಸೊಸೆಯ ಕಡೆ ಚಾಚಿ, ನೆನಪಾಗಿ ಹಿಂದಕ್ಕೆಳೆದುಕೊಂಡಳು.

"ಕೊಡಜ್ಜಿ, ನಾನೇ ಓದ್ತೀನಿ" ಎಂದ ಗೋಪಾಲ್. ಇಂಗ್ಲಿಷಿನಲ್ಲಿ ಒಂದು ಸಾಲು ಓದುವುದು, ಅದನ್ನು ಕನ್ನಡದಲ್ಲಿ ಹೇಳುವುದು, ಹೀಗೆ ನಾಲ್ಕು ಸಾಲನ್ನೂ ಓದಿದ. ಪ್ರೊಬೇಷನ್ ಅವಧಿಯಲ್ಲಿ ನಿಮ್ಮ ಸೇವೆ ಇನ್ನು ಅಗತ್ಯವಿಲ್ಲವೆಂದು ಕಂಡುಬಂದಿದೆ. ಕಾರಣ ಬರೆದಿರಲಿಲ್ಲ. ಹಿಂದಿನ ಭಾನುವಾರ ತಾಯಿಗೆ ಹೇಳಿದಷ್ಟೇ ನಿಧಾನವಾಗಿ ಹೇಳಿದ. ಆಮೇಲೆ ಕಾಗದ ಮಡಿಸಿ ಜೇಬಿಗೆ ಹಾಕಿದ.

ಆರುಮುಗಂ ಅದರ ಮೇಲೂ ಅರ್ಜಿ ಹಾಕೋಣ ಎಂದ. ಪ್ರೊಬೇಷನ್ನಿನವರ ವಿಷಯದಲ್ಲಿ ಹೆಚ್ಚೇನೂ ಆಗುವುದಿಲ್ಲ ಎಂದೂ ಅವನೇ ಹೇಳಿದ. ಅರ್ಜಿಗೆ ಸಹಿ ಹಾಕಲು ಗೋಪಾಲ್ ಒಪ್ಪಲಿಲ್ಲ. ಡಿಸೆಂಬರಿನ ಮೊದಲ ವಾರ ಅವನು ಕಾಮಸಮುದ್ರದ ಹತ್ತಿರದ ಹಳ್ಳಿಗೆ, ಸೋದರಮಾವ ಬಚ್ಚಪ್ಪನ ಮನೆಗೆ ಹೋದ. ಅಲ್ಲಿ ನಾಲ್ಕು ಸೀಮೆಹಸು ಇದ್ದವು, ಹಾಲು ಡೈರಿಗೆ ಸಾಗಿಸಲು ಒಬ್ಬ ಆಳು ಬೇಕಿತ್ತು. ಹೋಗುವಾಗ ಅಜ್ಜಿಯ ಕಾಲು ಮುಟ್ಟಿದ. ಅಪ್ಪನಿಗೆ ಬತ್ತೀನಿ ಅಂದ. ತಾಯಿಗೆ, ಸೈಕಲ್ ಪಂಪು ಎಲ್ಲಿ ಎಂದು ಕೇಳಿದ. ಅವಳು ಒಳಗಿಂದ ತಂದುಕೊಟ್ಟಳು.

ಒಂದು ಭಾನುವಾರ ಅವಳು ಬಸ್ಸು ಹಿಡಿದು ಕಾಮಸಮುದ್ರಕ್ಕೆ ಹೋಗಿ ಬಂದಳು. ಅವನು ಹಸುವಿನ ಮೈ ತೊಳೆಯುತ್ತಿದ್ದ. ಹಸು ಎಷ್ಟು ಕೊಡುತ್ತದೆ ಎಂದು ಕೇಳಿದಳು. ಬೆಳಿಗ್ಗೆ ಆರು ಲೀಟರು, ಸಂಜೆ ನಾಲ್ಕು ಎಂದ. ಅಣ್ಣನ ಹೆಂಡತಿ ಕೊಟ್ಟ ಗಿಣ್ಣನ್ನು ಡಬ್ಬಿಯಲ್ಲಿ ಹಾಕಿಕೊಂಡು ಹಿಂದಿರುಗಿದಳು. ಮನೆಯಲ್ಲಿ ಚಿಕ್ಕವೆಂಕಟಮ್ಮ ಅದನ್ನು ತಿನ್ನುತ್ತಾ, ಹುಡುಗ ಸೊರಗಿದ್ದಾನಾ ಎಂದು ಕೇಳಿದಳು. ಇಲ್ಲ, ಮೈ ಕೈ ತುಂಬಿಕೊಂಡಿದ್ದಾನೆ ಎಂದಳು ಮುನಿರತ್ನಮ್ಮ.

"ನೋಡಿ ಯೋಳ್ತಿದೀಯೋ, ಅಂದಾಜೋ?"

"ನೋಡೇ ಅತ್ತೆ."

ಶೆಡ್ಡಿನಲ್ಲಿ ಈಗ ಮತ್ತೆ ನಾಲ್ಕೂವರೆಗೆ ಕೆಲಸ ಬಿಡುತ್ತಿತ್ತು. ಹೆಂಗಸರು ನೂಲಿನ ಉಂಡೆ ಮತ್ತೆ ಉರುಳಿಸುತ್ತಿದ್ದರು. ಕಾಗದ ಮಾತ್ರ ಯಾರೂ ತರಲಿಲ್ಲ. ಪಿಎಫ್ ಚೀಟಿ ಬಂದಾಗ ಆಫೀಸಿನ ಗುಮಾಸ್ತನ ಮುಂದೆ ಸಾಲು ನಿಂತು ಓದಿಸಿಕೊಂಡರು. ಅವನು ಬೈದುಕೊಂಡು ಓದಿದ. ಗೋಡೆಗೆ ಒರಗುವ ಜಾಗ ಯಾರು ಮೊದಲು ಬಂದರೆ ಅವರದಾಯಿತು. ಸ್ಟೇಷನ್ನಿನಲ್ಲಿ ಕಾಯಬೇಕಾಗಿದ್ದು ಬರೀ ಹತ್ತು ನಿಮಿಷ. ಆ ಹತ್ತು ನಿಮಿಷವನ್ನೂ ದ್ಯಾವಮ್ಮ ಟ್ಯಾಂಕಿನ ಕಟ್ಟೆಯ ಮೇಲೆಯೇ ಕಳೆಯುತ್ತಿದ್ದಳು.

ಸಂಕ್ರಾಂತಿಗೆ ಎರಡು ದಿನ ಇದ್ದಾಗ ರೈಲು ತಡವಾಯಿತು. ಐದೂಕಾಲಾದರೂ ಸುಳಿವಿಲ್ಲ. ಚಳಿಗಾಳಿಗೆ ಮುನಿರತ್ನಮ್ಮ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಬೆಂಚಿನ ಇನ್ನೊಂದು ತುದಿಯ ಬೂದು ಪುಡಿಯನ್ನು ಯಾರೋ ಒರೆಸಿದಂತಾಯಿತು. ದ್ಯಾವಮ್ಮ ಕೂತು, ತನ್ನ ಡಬ್ಬಿಯ ಚೀಲವನ್ನು ಇಬ್ಬರ ನಡುವೆ ಇಟ್ಟಳು. ಆಮೇಲೆ ರವಿಕೆಯೊಳಗಿನಿಂದ ಒಂದು ಇನ್‌ಲ್ಯಾಂಡ್ ಲೆಟರ್ ತೆಗೆದಳು.

"ನಂ ತಮ್ಮ ಬರ್ದವ್ನೆ. ಕನ್ನಡದಲ್ಲೇ ಐತೆ."

ಮುನಿರತ್ನಮ್ಮ ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಅಕ್ಕನಿಗೆ ನಮಸ್ಕಾರ, ಇಲ್ಲಿ ಎಲ್ಲರೂ ಕ್ಷೇಮ, ಹಬ್ಬಕ್ಕೆ ಬರಲಾಗುವುದಿಲ್ಲ. ಗಟ್ಟಿಯಾಗಿ, ಪದ ಬಿಡದೆ ಓದಿದಳು. ಮಡಿಕೆಯ ಹತ್ತಿರ ಬೆವರಿಗೆ ಶಾಯಿ ಕಲೆಸಿಹೋಗಿತ್ತು. ಹಿಂದಾಗಿದ್ದರೆ ಅಲ್ಲಿ ಏನೋ ಒಂದು ಸೇರಿಸಿ ಮುಂದೆ ಹೋಗುತ್ತಿದ್ದಳು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಇಲ್ಲಿ ಎರಡು ಪದ ಕಾಣ್ತಿಲ್ಲ" ಎಂದಳು.

ದ್ಯಾವಮ್ಮ ಬಗ್ಗಿ, ತನಗೆ ಓದಲು ಬಾರದ ಆ ಜಾಗವನ್ನು ಬಹಳ ಹೊತ್ತು ನೋಡಿದಳು.

"ಬುಡು" ಎಂದಳು. "ಕಾಣೋದು ಓದು."